ಕತ್ತಿನಿಂದ ಕೆಳಗೆ

ಗುಲ್ಚೆಹ್ರಾ ಆ ಎರಡು ದೀಪಗಳನ್ನು ಮನೆಗೆ ತಂದ ದಿನ ಅವಳ ಅತ್ತೆ ಮುಕರ್ರಮ್ ಅಂಗಳದಲ್ಲಿ ಕೂತು ಪಲಾವಿಗೆ ಗಜ್ಜರಿ ಹೆಚ್ಚುತ್ತಿದ್ದಳು. ಮಗ ಸಂಜರ್ ಕಾರಿನಿಂದ ಉದ್ದನೆಯ ಎರಡು ಕಪ್ಪು ಚೀಲ ಇಳಿಸುವುದನ್ನು ನೋಡಿ ಚಾಕು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದಳು.

"ಏನೋ ಅದು, ಮೀನು ಹಿಡಿಯೋ ಗಾಳವಾ?"

"ದೀಪ, ಅಮ್ಮ."

"ಯಾಕೆ, ನಮ್ಮನೇಲಿ ಕತ್ತಲೆ ಇದೆಯಾ?"

"ಫೋಟೊ ತೆಗೆಯೋ ದೀಪ ಅತ್ತೆ," ಎಂದಳು ಗುಲ್ಚೆಹ್ರಾ. "ಫರ್ಗಾನಾದಲ್ಲಿ ಮದುವೆ ವಿಡಿಯೊ ಮಾಡೋನೊಬ್ಬ ಹೊಸದು ತಗೊಂಡು ಹಳೇದನ್ನ ಅಗ್ಗಕ್ಕೆ ಕೊಟ್ಟ. ಇನ್ಮೇಲೆ ನೀವು ಹೊಲಿಯೋ ರೇಷ್ಮೆ, ಫೋನಲ್ಲೂ ರೇಷ್ಮೆ ಥರಾನೇ ಕಾಣುತ್ತೆ ನೋಡಿ."

"ಇಷ್ಟು ದಿನ ಯಾವ ಥರ ಕಾಣ್ತಿತ್ತಂತೆ?"

"ಒದ್ದೆ ಕಂಬಳಿ ಥರ," ಎಂದ ಸಂಜರ್.

ಮುಕರ್ರಮ್ ಮಗನತ್ತ ಗಜ್ಜರಿಯ ತುದಿಯೊಂದನ್ನು ಎಸೆದಳು. ಆದರೆ ಅವನು ಹೇಳಿದ್ದು ಸುಳ್ಳಲ್ಲ. ಮರ್ಗಿಲಾನದಲ್ಲಿ ಅತ್ಲಸ್ ರೇಷ್ಮೆ ನೇಯುವವರಿಗೂ ಹೊಲಿಯುವವರಿಗೂ ಬರವಿಲ್ಲ. ಮುಕರ್ರಮಳ ಹೊಲಿಗೆ ನಮ್ಮ ಮೊಹಲ್ಲಾದಲ್ಲಿ ಹೆಸರಾದದ್ದೇ. ಆದರೆ ಈಗ ಕೊಳ್ಳುವವರು ಬಾಗಿಲಿಗೆ ಬರುವುದಿಲ್ಲ, ಫೋನಿನಲ್ಲಿ ನೋಡುತ್ತಾರೆ. ಗುಲ್ಚೆಹ್ರಾ ನಿಲುವಂಗಿಗಳನ್ನು ಗೋಡೆಯ ಮೊಳೆಗೆ ನೇತುಹಾಕಿ, ಛಾವಣಿಯ ಹಳದಿ ದೀಪದ ಕೆಳಗೆ ಫೋಟೊ ತೆಗೆದು ಇಂಟರ್ನೆಟ್ಟಿನ ತನ್ನ ಪುಟದಲ್ಲಿ ಹಾಕುತ್ತಿದ್ದಳು. ದಾಳಿಂಬೆ ಕೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಅಂಗಳದ ಬಿಸಿಲಿನಲ್ಲಿ ತೆಗೆಯೋಣವೆಂದರೆ ಚಳಿಗಾಲದ ಬಿಸಿಲು ಮಧ್ಯಾಹ್ನಕ್ಕೆ ಬಂದು ಚಹಾ ಆರುವುದರೊಳಗೆ ಹೋಗುತ್ತದೆ.

ಮೊದಲ ಜಗಳ ಅತಿಥಿಕೋಣೆಯದು. ಮನೆಯಲ್ಲಿ ದೊಡ್ಡ ಬಿಳಿ ಗೋಡೆ ಇದ್ದದ್ದು ಅದೊಂದರಲ್ಲೇ. ರತ್ನಗಂಬಳಿ, ಗಾಜಿನ ಬೀರುವಿನಲ್ಲಿ ಪಿಂಗಾಣಿ, ಗೋಡೆಯುದ್ದಕ್ಕೂ ಮಡಚಿಟ್ಟ ಹಾಸುಗಳು. ಮನೆಯವರು ಅಲ್ಲಿ ಕಾಲಿಡುತ್ತಿದ್ದದ್ದು ಧೂಳು ಹೊಡೆಯಲಿಕ್ಕೆ ಮಾತ್ರ.

"ಯಾರಾದ್ರೂ ಬಂದ್ರೆ ಏನ್ ಮಾಡ್ತೀಯಾ? ಈ ಕೊಡೆಗಳ ಕೆಳಗೆ ಕೂರಿಸ್ತೀಯಾ?" ಎಂದಳು ಮುಕರ್ರಮ್. ದೀಪಗಳು ಅಷ್ಟರಲ್ಲಿ ಮೂರು ಕಾಲಿನ ಕಂಬಗಳ ಮೇಲೆ ನಿಂತಿದ್ದವು. ಕಪ್ಪು ಬಟ್ಟೆಯ ಡಬ್ಬಿ, ಒಳಗೆ ಬೆಳ್ಳಿ ಹೊಳಪಿನ ಅಸ್ತರು, ನಡುವೆ ದಪ್ಪ ಬಲ್ಬು, ಮುಖಕ್ಕೆ ಬಿಳಿ ಪರದೆ. ಒಂದರ ಪರದೆಗೆ ಯಾರದೋ ಮದುವೆಯ ಸಾರು ಸಿಡಿದ ಕಲೆಯಿತ್ತು.

"ಬಿಚ್ಚಿ ಮಡಚಿ ಮೂಲೆಗಿಡ್ತೀನಿ ಅತ್ತೆ. ಒಂದು ಗಳಿಗೆ ಕೆಲಸ."

ಮುಕರ್ರಮ್ ಬಾಗಿಲಲ್ಲೇ ನಿಂತು ಯೋಚಿಸಿದಳು. "ಸರಿ. ಆದ್ರೆ ತಲೆ ಬೇಡ."

"ಯಾವ ತಲೆ?"

"ಯಾರ ತಲೇನೂ ಬೇಡ. ಕತ್ತಿನಿಂದ ಕೆಳಗೆ ತೆಗಿ. ನಾವು ಮಾರೋದು ಬಟ್ಟೆ, ಮುಖ ಅಲ್ಲ."

ಯಾರ ತಲೆಯೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗುಲ್ಚೆಹ್ರಾ ಗಿಡ್ಡ, ಅಲ್ಲದೆ ಫೋನು ಹಿಡಿಯುವವಳು ಅವಳೇ. ಆ ಉದ್ದನೆಯ ನಿಲುವಂಗಿ ತೊಟ್ಟು ನಿಲ್ಲಬಲ್ಲವಳೆಂದರೆ ನಾದಿನಿ ಹುಮಾಯ್ರಾ. ದ್ರಾಕ್ಷಿ ಕೊಯ್ಯುವ ಕಾಲದಲ್ಲಿ ಎರಡು ಚೀಲ ಹಿಡಿದು ಕೋಕಂದಿನ ಗಂಡನ ಮನೆಯಿಂದ ಬಂದವಳು ಹಿಂದಿರುಗಿರಲಿಲ್ಲ. ಗಂಡ ಶುಹ್ರತ್ ಮೂರು ವರ್ಷದಿಂದ ಮಾಸ್ಕೋದಲ್ಲಿ ದುಡಿಯುತ್ತಿದ್ದ. ಅಲ್ಲಿ ಅವನಿಗೆ ಇನ್ನೊಬ್ಬಳಿದ್ದಾಳೆಂಬ ಮಾತು ಬಹಳ ದಿನದಿಂದ ತೇಲುತ್ತಿತ್ತು. ಮುಕರ್ರಮ್ ಮಾತ್ರ ಕೇಳಿದವರಿಗೆಲ್ಲ ಒಂದೇ ಉತ್ತರ ಕೊಡುತ್ತಿದ್ದಳು: "ಹೊಲಿಗೆ ಕೆಲಸ ಜಾಸ್ತಿ ಇದೆ, ಅಮ್ಮನಿಗೆ ನೆರವಾಗೋಕೆ ಬಂದಿದ್ದಾಳೆ." ಬಂದ ದಿನ ಮಗಳ ಚೀಲ ಒಳಗಿಟ್ಟು, ಚಹಾ ಕೊಟ್ಟು, "ಎಲ್ಲ ಸರಿಹೋಗುತ್ತೆ, ಯಾರ ಹತ್ರಾನೂ ಮಾತಾಡ್ಬೇಡ," ಎಂದವಳು ತಾನೂ ಮತ್ತೆ ಆ ಮಾತೆತ್ತಿರಲಿಲ್ಲ.

ಹುಮಾಯ್ರಾ ಹಿಂದಿನ ಕೋಣೆಯಲ್ಲಿ ಇರುತ್ತಿದ್ದಳು. ಅಂಗಳಕ್ಕೆ ಯಾರಾದರೂ ಬಂದರೆ ಕದ ಮುಚ್ಚಿಕೊಳ್ಳುತ್ತಿದ್ದಳು. ಇದರಿಂದ ಕೆಲಸ ಹೆಚ್ಚಿದ್ದು ಗುಲ್ಚೆಹ್ರಾಗೆ: ಒಂದು ತಟ್ಟೆ ಹೆಚ್ಚು, ಒಂದು ಹಾಸಿಗೆ ಹೆಚ್ಚು, ಅತ್ತೆಯ ಸಿಡಿಮಿಡಿ ಎರಡು ಪಾಲು. "ನಿನ್ನ ಅಕ್ಕ ರಾಣಿ ಥರ ಕೂತಿದ್ದಾಳೆ, ನಾನು ಪಾತ್ರೆ ತಿಕ್ಕಿ ತಿಕ್ಕಿ ಸಾಯ್ತಿದ್ದೀನಿ," ಎಂದು ಗಂಡನೊಡನೆ ಗೊಣಗಿದ್ದಳು. ಸಂಜರ್ ಎಂದಿನಂತೆ ಕಾರು ಒರೆಸಲು ಎದ್ದುಹೋಗಿದ್ದ.

ಮೊದಲ ದಿನದ ಫೋಟೊಗಳು ಎಡವಟ್ಟಾದವು. ಗುಲ್ಚೆಹ್ರಾ ಎರಡು ದೀಪಗಳನ್ನೂ ಎದುರಿಗೆ ಜೋಡಿ ಎತ್ತಿನಂತೆ ನಿಲ್ಲಿಸಿ ಹತ್ತಿಸಿದಳು. ಕೋಣೆಯೇನೋ ಮದುವೆ ಮನೆಯಂತೆ ಬೆಳಗಿತು. ಆದರೆ ರೇಷ್ಮೆ ಸತ್ತುಹೋಗಿತ್ತು.

"ಮೇಜಿನ ಮೇಲೆ ಹಾಸೋ ಪ್ಲಾಸ್ಟಿಕ್ ಥರ ಇದೆ," ಎಂದು ಫೋನು ನೋಡಿ ಅಳುಮೋರೆ ಹಾಕಿದಳು. "ಅಗ್ಗದ್ದು ತಂದೆ, ಅದಕ್ಕೆ."

ಹುಮಾಯ್ರಾ ಬಹಳ ದಿನದ ಮೇಲೆ ತಾನಾಗಿ ಬಾಯಿ ಬಿಟ್ಟಳು. "ದೀಪದ್ದೇನೂ ತಪ್ಪಿಲ್ಲ ಅನ್ಸುತ್ತೆ. ಎರಡೂ ಕಡೆಯಿಂದ ಬೆಳಕು ಬಿದ್ರೆ ಮಡಿಕೆ ಎಲ್ಲಿ ಕಾಣ್ಬೇಕು? ಒಂದನ್ನ ಆರಿಸು ಗುಲ್ಚೆಹ್ರಾ. ಆ ಮೇಲಿನ ಹಳದಿ ದೀಪಾನೂ ಆರಿಸು."

ಒಂದನ್ನು ಆರಿಸಿ ಇನ್ನೊಂದನ್ನು ಪಕ್ಕಕ್ಕೆ ಎಳೆದರು. ಹತ್ತಿಕೊಂಡೇ ಇರುವ ದೀಪದ ಅನುಕೂಲವೇ ಅದು. ಫಕ್ಕನೆ ಹೊಳೆದು ಆರುವುದಿಲ್ಲ. ಸರಿಸಿದಷ್ಟೂ ಏನು ಬದಲಾಗುತ್ತಿದೆಯೆಂದು ಕಣ್ಣೆದುರೇ ಕಾಣುತ್ತದೆ. ದೀಪ ಹುಮಾಯ್ರಾಳ ಭುಜದ ಹತ್ತಿರ ಬಂದಂತೆ ಬಟ್ಟೆಯ ಮಡಿಕೆಗಳು ಒಂದೊಂದಾಗಿ ಎದ್ದವು. ನೆರಳಿಗೆ ಚೂಪಿರಲಿಲ್ಲ, ಬೆಳಕಿನೊಳಗೇ ಕರಗುತ್ತಿತ್ತು. ಅತ್ಲಸಿನ ಹೊಳಪು ತೋಳಿನುದ್ದಕ್ಕೂ ಹರಿಯಿತು. ಇನ್ನೊಂದು ಬದಿ ತೀರಾ ಕಪ್ಪಾಯಿತೆಂದು ಬಟ್ಟೆ ಒಣಹಾಕುವ ಚೌಕಟ್ಟಿಗೆ ಬಿಳಿ ಹೊದಿಕೆ ಹೊದಿಸಿ ನಿಲ್ಲಿಸಿದರು. ಅದು ಬೆಳಕನ್ನು ಒಂದಿಷ್ಟು ಹಿಂದಕ್ಕೆ ಕೊಟ್ಟಿತು.

"ಅಯ್ಯೋ!" ಎಂದಳು ಗುಲ್ಚೆಹ್ರಾ. "ಮುಟ್ಟಿದ್ರೆ ಜಾರುತ್ತೆ ಅನ್ಸುತ್ತೆ!"

ಅಂದಿನಿಂದ ಅವರಿಬ್ಬರ ದಿನಚರಿ ಬದಲಾಯಿತು. ಬೆಳಗಿನ ಪಾತ್ರೆಗಳನ್ನು ಒಬ್ಬಳು ತಿಕ್ಕಿದರೆ ಇನ್ನೊಬ್ಬಳು ತೊಳೆಯುತ್ತಿದ್ದಳು. ಬೇಗ ಮುಗಿದರೆ ಬೇಗ ದೀಪ ಹತ್ತಿಸಬಹುದು. ಸಂಜೆಯಾದರೆ ಅಕ್ಕಪಕ್ಕದ ಮನೆಗಳವರೆಲ್ಲ ವಿದ್ಯುತ್ ಒಲೆ ಹಾಕಿ, ವೋಲ್ಟೇಜ್ ಇಳಿದು ದೀಪಗಳು ನರಳಲು ಶುರುವಾಗುತ್ತಿದ್ದವು. ಅಷ್ಟರಲ್ಲಿ ಕೆಲಸ ಆಗಬೇಕು. ಶುರ್ಪಾ ಸೂಪು ಒಲೆಯ ಮೇಲೆ ಕುದಿಯುತ್ತಿರುವಾಗ ಕೋಣೆಯಿಂದ ನಗು ಕೇಳಿಸುತ್ತಿತ್ತು. ಮುಕರ್ರಮ್ ಹೊಲಿಗೆ ಯಂತ್ರ ನಿಲ್ಲಿಸಿ ಕಿವಿಗೊಡುತ್ತಿದ್ದಳು, ಮತ್ತೆ ತುಳಿಯುತ್ತಿದ್ದಳು.

ಫೋಟೊಗಳು ಪುಟಕ್ಕೆ ಹೋದವು. ಎಲ್ಲವೂ ಕತ್ತಿನಿಂದ ಕೆಳಗೆ. ಒಂದು ವಾರ ಕಳೆದ ಮೇಲೆ ರಾತ್ರಿಯೂಟಕ್ಕೆ ನೆಲದ ಮೇಲೆ ಬಟ್ಟೆ ಹಾಸಿ, ಆ ದಸ್ತರ್‌ಖಾನ್ ಸುತ್ತ ಕೂತಿದ್ದಾಗ ಸಂಜರ್ ಹೆಂಡತಿಯ ಫೋನು ಎತ್ತಿಕೊಂಡು ಓದಿದ.

"ಕೇಳಿ. ಸಮರ್‌ಖಂದಿನಿಂದ ಒಬ್ಬಾಕೆ: 'ಬಟ್ಟೆ ಸುಂದರವಾಗಿದೆ. ಆದರೆ ಈ ಹುಡುಗಿಯ ತಲೆ ಏನಾಯಿತು?' ಇನ್ನೊಬ್ಬಳು: 'ಕೊರಳಪಟ್ಟಿ ಮುಖಕ್ಕೆ ಹೇಗೆ ಒಪ್ಪುತ್ತದೆ, ತೋರಿಸಿ.' ಇನ್ನೊಬ್ಬಳು ಬರೀ ಒಂದು ಕೊಡಲಿ ಚಿತ್ರ ಹಾಕಿದ್ದಾಳೆ."

ಗುಲ್ಚೆಹ್ರಾ ಕಿಸಕ್ಕೆಂದಳು. ಹುಮಾಯ್ರಾಳೂ ನಕ್ಕಳು. ಮಾವ ಹಾಶಿಮ್ಜಾನ್ ನಾನ್ ಮುರಿಯುತ್ತಾ ಮೀಸೆಯಡಿಯಲ್ಲೇ ಮುಗುಳ್ನಕ್ಕ. ರೇಷ್ಮೆ ಕಾರ್ಖಾನೆಯ ಬಣ್ಣದ ವಿಭಾಗದಲ್ಲಿದ್ದು ನಿವೃತ್ತನಾದವನು. ಮನೆಯಲ್ಲಿ ಅವನ ಮಾತು ಅಪರೂಪ.

"ಕೊಳ್ಳೋರು ಕೊಳ್ತಾರೆ, ಬಿಡೋರು ಬಿಡ್ತಾರೆ," ಎಂದಳು ಮುಕರ್ರಮ್. "ಇದರಲ್ಲಿ ನಗೋಕೇನಿದೆ?"

"ಏನಿಲ್ಲ ಅಮ್ಮ, ಸೂಪು ಬಿಸಿ ಇದೆ," ಎಂದ ಸಂಜರ್.

ಡಿಸೆಂಬರಿನ ನಡುವೆ ಒಂದು ಮಧ್ಯಾಹ್ನ, ಹಸಿರು-ಬಿಳಿ ಅಲೆಗಳ ಹೊಸ ನಿಲುವಂಗಿ ತೊಟ್ಟು ನಿಂತಿದ್ದ ಹುಮಾಯ್ರಾ, "ಒಂದು ತಲೆ ಸಮೇತ ತೆಗಿ. ಹಾಕೋಕಲ್ಲ, ನನಗೆ," ಎಂದಳು.

ಗುಲ್ಚೆಹ್ರಾ ಎರಡು ಹೆಜ್ಜೆ ಹಿಂದೆ ಸರಿದು ತೆಗೆದಳು. ಹುಮಾಯ್ರಾ ಫೋನು ಇಸಿದುಕೊಂಡು ಕಿಟಕಿಯ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು. ಕೋಕಂದಿನಲ್ಲಿ ಅವಳಿಗೆ ಕನ್ನಡಿಯೆಂದರೆ ಕೈ ತೊಳೆಯುವ ನಲ್ಲಿಯ ಮೇಲಿನ ತುಂಡು. ಅದರಲ್ಲಿ ಒಂದು ಸಲಕ್ಕೆ ಒಂದು ಕಣ್ಣು ಕಾಣುತ್ತಿತ್ತು. ಇಲ್ಲಿ ಬಂದ ಮೇಲೆ ಅದನ್ನೂ ಬಿಟ್ಟಿದ್ದಳು. ಫೋಟೊದಲ್ಲಿದ್ದವಳು ಮೂವತ್ತೊಂದು ವರ್ಷದ ಹೆಣ್ಣು. ಕೆನ್ನೆಯ ಒಂದು ಬದಿ ಬೆಳಕಿನಲ್ಲಿತ್ತು, ಕಣ್ಣಿನ ಕೆಳಗೆ ದಣಿವಿತ್ತು, ಬಾಯಿ ಇನ್ನೇನು ಯಾವುದೋ ಮಾತಿಗೆ ತೆರೆಯುವಂತಿತ್ತು.

"ಚೆನ್ನಾಗಿ ಬಂದಿಲ್ವಾ? ಅಳಿಸ್ಲಾ?" ಎಂದಳು ಗುಲ್ಚೆಹ್ರಾ.

"ಇದನ್ನೇ ಹಾಕೋಣ."

"ಅತ್ತೆ ನನ್ನ ಚರ್ಮ ಸುಲಿದು ಅದರಲ್ಲೂ ಒಂದು ನಿಲುವಂಗಿ ಹೊಲೀತಾರೆ!"

"ನಿನ್ನ ಮುಖ ಅಲ್ವಲ್ಲ. ನನ್ನದು. ನಾನೇ ಹಾಕ್ತೀನಿ, ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳು."

ಬೆರಳು ಒತ್ತಿದವಳು ಅವಳೇ. ಆಮೇಲೆ ಫೋನನ್ನು ರತ್ನಗಂಬಳಿಯ ಮೇಲೆ ಮಗುಚಿಟ್ಟು, ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದಳು.

ಮರುದಿನ ನಾನ್ ರೊಟ್ಟಿ ಸುಡುವವನ ಒಲೆಯ ಹತ್ತಿರ, ನೆರೆಮನೆಯ ನಾನೂ ಸಾಲಿನಲ್ಲಿದ್ದೆ. ಮುಕರ್ರಮ್ ನನ್ನ ಮುಂದೆ. ಎದುರು ಬೀದಿಯ ಹೆಂಗಸೊಬ್ಬಳು ಫೋನು ಚಾಚಿ, "ನಿಮ್ಮ ಹುಮಾಯ್ರಾ ಅಲ್ವಾ? ಎಷ್ಟು ಲಕ್ಷಣವಾಗಿದ್ದಾಳೆ! ಇನ್ನೂ ಇಲ್ಲೇ ಇದ್ದಾಳಾ ಹಾಗಾದ್ರೆ?" ಎಂದಳು. ಸಾಲಿನಲ್ಲಿದ್ದವರೆಲ್ಲ ಕತ್ತು ಉದ್ದ ಮಾಡಿದರು. ಮುಕರ್ರಮ್ ಬಿಸಿ ನಾನುಗಳನ್ನು ಎದೆಗೊತ್ತಿಕೊಂಡು ನಡೆದುಬಿಟ್ಟಳು. ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತಿದ್ದಳು. ನಾನೇ ಆಮೇಲೆ ತಲುಪಿಸಿದೆ. ನಾನು ಅಂಗಳಕ್ಕೆ ಹೋದಾಗ ಜಗಳ ಬಿಸಿಯೇರಿತ್ತು.

"ಮನೆ ಮರ್ಯಾದೇನ ಸಂತೇಲಿಟ್ಟೆಯಲ್ಲೇ!"

"ಹಾಕಿದ್ದು ನಾನು ಅಮ್ಮ. ಗುಲ್ಚೆಹ್ರಾನ ಬೈಬೇಡ."

"ನೀನು! ನಿನಗೆ ಬುದ್ಧಿ ಇದೆಯಾ? ಅವರು ಇವತ್ತೋ ನಾಳೆಯೋ ಕರೆಸಿಕೊಳ್ತಾರೆ ಅಂತ ನಾನು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರೆ—"

"ಯಾರು ಕರೆಸ್ಕೋತಾರೆ?"

"ಗಂಡ ಬಿಟ್ಟು ಬಂದೋಳು ಹೀಗೆ ಬೆಳಗ್ತಾ ನಿಂತ್ರೆ ಜನ ಏನಂತಾರೆ?"

ಜಗುಲಿಯ ಮೇಲೆ ಕೂತಿದ್ದ ಹಾಶಿಮ್ಜಾನ್ ಕನ್ನಡಕ ಏರಿಸಿ ಸೊಸೆಯ ಫೋನು ನೋಡುತ್ತಿದ್ದ. "ಚೆನ್ನಾಗಿದ್ದಾಳೆ ಕಣೇ," ಎಂದ.

"ಚೆನ್ನಾಗಿರೋದೇ ತಪ್ಪು!" ಎಂದು ಕಿರುಚಿದಳು ಮುಕರ್ರಮ್. "ಅತ್ತುಕೊಂಡಿದ್ರೆ ಪಾಪ ಅಂತಾರೆ. ಚೆನ್ನಾಗಿದ್ರೆ ಅವಳದ್ದೇ ತಪ್ಪು ಅಂತಾರೆ. ನಿಮಗೇನು ಗೊತ್ತು, ಗಂಡಸರಿಗೆ!"

ಹಾಶಿಮ್ಜಾನ್ ಕನ್ನಡಕ ತೆಗೆದ. ನಾನು ಚಿಲ್ಲರೆಯನ್ನು ಕಿಟಕಿಯ ಅಂಚಿನಲ್ಲಿಟ್ಟು ಹೊರಟುಬಂದೆ. ಅವಳ ಮಾತು ತಪ್ಪೆಂದು ಹೇಳುವ ಧೈರ್ಯ ನನಗೂ ಇರಲಿಲ್ಲ.

ದೀಪಗಳು ಮಡಚಿ ಉಗ್ರಾಣ ಸೇರಿದವು, ಮೂಲಂಗಿ, ಕುಂಬಳಕಾಯಿಗಳ ನಡುವೆ. ಅಮ್ಮ ಮಗಳ ನಡುವೆ ಮಾತಿಲ್ಲ. ಉಪ್ಪು ಬೇಕಾದರೆ ಮುಕರ್ರಮ್, "ಸಂಜರ್, ಅಲ್ಲಿ ಉಪ್ಪಿದೆ," ಎನ್ನುತ್ತಿದ್ದಳು. ಉಪ್ಪು ಹುಮಾಯ್ರಾಳ ಕೈಯ ಪಕ್ಕದಲ್ಲೇ ಇರುತ್ತಿತ್ತು. ಮೂರು ದಿನ ಹೀಗಾದ ಮೇಲೆ ಸಂಜರ್ ತನಗಾಗಿಯೇ ಇನ್ನೊಂದು ಉಪ್ಪಿನ ಬಟ್ಟಲು ತಂದಿಟ್ಟ. ಯಾರೂ ನಗಲಿಲ್ಲ. ಇತ್ತ ಹಸಿರು-ಬಿಳಿ ನಿಲುವಂಗಿ ಕೇಳಿದವರು ಎಷ್ಟೊಂದು ಜನವೆಂದರೆ, ಮುಕರ್ರಮ್ ಮುಖ ಗಂಟಿಕ್ಕಿಕೊಂಡೇ ಅದೇ ಬಟ್ಟೆಯನ್ನು ಮತ್ತೆ ಮತ್ತೆ ಕತ್ತರಿಸಿದಳು.

ಹೊಸ ವರ್ಷದ ಹಿಂದಿನ ವಾರ ಕೋಕಂದಿನಿಂದ ಬೀಗಿತ್ತಿ ಸನೋಬರ್ ಬಂದಳು. ಜೊತೆಗೆ ವಯಸ್ಸಾದ ಅವಳ ನಾದಿನಿ. ಮೊದಲೇ ಫೋನು ಮಾಡಿರಲಿಲ್ಲ. ಮುಕರ್ರಮ್ ಓಡಿಹೋಗಿ ಹೊಸ ರುಮಾಲು ಕಟ್ಟಿಕೊಂಡು ಬಂದಳು. ಕೊನೆಗೂ ಕರೆಯಲು ಬಂದರು! ಅತಿಥಿಕೋಣೆ ತೆರೆಯಿತು. ದಸ್ತರ್‌ಖಾನಿನ ಮೇಲೆ ನಾನ್, ಒಣದ್ರಾಕ್ಷಿ, ವಾಲ್ನಟ್, ಕಲ್ಲುಸಕ್ಕರೆ ಬಂದವು. ಒಲೆಯ ಮೇಲೆ ಮಾಂಸ ಏರಿತು. ಮುಕರ್ರಮ್ ತಾನೇ ಚಹಾ ಸುರಿದಳು, ಮರ್ಯಾದೆಯ ಅತಿಥಿಗೆ ಸುರಿಯುವಂತೆ, ಬಟ್ಟಲಿನ ತಳದಲ್ಲಿ ಎರಡು ಗುಟುಕು. ಕುಡಿದಂತೆಲ್ಲ ಮತ್ತೆ ಮತ್ತೆ ಸುರಿಯುವ ಸುಖ ನಮ್ಮದು. ಬಟ್ಟಲು ತುಂಬಿ ಕೊಟ್ಟರೆ, ಕುಡಿದು ಹೊರಡಿ ಎಂದರ್ಥ. ಅದು ಮಕ್ಕಳಿಗೂ ಗೊತ್ತು.

ಹುಮಾಯ್ರಾ ಬಂದು ಬಾಗಿ ಸಲಾಂ ಹೇಳಿ ಬಾಗಿಲ ಬಳಿ ಕೂತಳು. ಗುಲ್ಚೆಹ್ರಾ ಅವಳ ಹಿಂದೆ ನಿಂತಳು.

"ನಾವೇನೂ ಕೆಟ್ಟವರಲ್ಲ ನೋಡಿ," ಎಂದು ಶುರುಮಾಡಿದಳು ಸನೋಬರ್. "ಕೋಪ ಮಾಡ್ಕೊಂಡು ಬಂದಳು, ನಾಲ್ಕು ದಿನ ಇರಲಿ ಅಂತ ಬಿಟ್ವಿ. ಆದ್ರೆ ಇದೇನು, ಮುಖ ತೋರಿಸ್ಕೊಂಡು ಊರೂರಿಗೆ? ಶುಹ್ರತ್ ಅಲ್ಲಿ ಕೆಲಸದ ಜಾಗದಲ್ಲಿ ತಲೆ ಎತ್ತೋ ಹಾಗಿಲ್ಲ. ಅವನ ಗೆಳೆಯರೇ ತೋರಿಸಿದ್ರಂತೆ."

"ತೆಗೆಸ್ತೀನಿ, ಇವತ್ತೇ ತೆಗೆಸ್ತೀನಿ," ಎಂದಳು ಮುಕರ್ರಮ್. "ಹುಡುಗು ಬುದ್ಧಿ."

"ಮಕ್ಕಳಾಗಿದ್ರೆ ಈ ಬುದ್ಧಿ ಬರ್ತಿರಲಿಲ್ಲ," ಎಂದಳು ಜೊತೆಗೆ ಬಂದ ಮುದುಕಿ.

"ಗಂಡ ಮಾಸ್ಕೋದಲ್ಲಿದ್ರೆ ಮಗು ಹೇಗೆ ಬರಬೇಕಿತ್ತು, ಟಪಾಲಲ್ಲಾ?" ಎಂದು ಗುಲ್ಚೆಹ್ರಾ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

ಮುಕರ್ರಮ್ ಸೊಸೆಯನ್ನು ಕಣ್ಣಿನಲ್ಲೇ ಸುಟ್ಟಳು. ಸನೋಬರ್ ಕೇಳದವಳಂತೆ ಮುಂದುವರಿಸಿದಳು. "ನನಗೆ ಮಂಡಿ ನೋವು, ಹಸು ಕರೆಯೋರಿಲ್ಲ. ಬಟ್ಟೆ ಕಟ್ಟಿಸಿ, ಇವತ್ತೇ ಕರ್ಕೊಂಡು ಹೋಗ್ತೀವಿ."

"ಆಗಲಿ, ಆಗಲಿ. ಅವಳ ಮನೆ ಅದು." ಮುಕರ್ರಮ್ ಮುಂದೆ ಬಾಗಿದಳು. "ಶುಹ್ರತ್ ಯಾವಾಗ ಬರ್ತಾನೆ? ವಸಂತಕ್ಕಾ?"

"ಅವನು ಯಾಕೆ ಬರ್ತಾನೆ?" ಸನೋಬರಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ಅವನಿಗೆ ಅಲ್ಲಿ ಸಂಸಾರ ಇದೆ. ಕೂಸಿಗೆ ಈಗ ಒಂದೂವರೆ ವರ್ಷ. ಗಂಡು. ನಿಮ್ಮ ಮಗಳು ಹೇಳಿಲ್ವಾ? ಅವಳಿಗೆ ಫೋಟೊ ತೋರಿಸಿದ್ದೀವಲ್ಲ. ಅಲ್ಲಿಯದು ಅಲ್ಲಿರಲಿ, ಇಲ್ಲಿಯದು ಇಲ್ಲಿರಲಿ. ಸೊಸೆ ಅಂತ ಒಬ್ಬಳು ನನ್ನ ಮನೇಲಿ ಇರಬೇಕಲ್ಲ."

ಮುಕರ್ರಮ್ ಮಗಳತ್ತ ತಿರುಗಿದಳು. ಹುಮಾಯ್ರಾ ತಲೆ ತಗ್ಗಿಸಿರಲಿಲ್ಲ, ಅಮ್ಮನನ್ನೇ ನೋಡುತ್ತಿದ್ದಳು. ಗುಲ್ಚೆಹ್ರಾ ಹೇಳುತ್ತಾಳೆ, ಆಗ ಅಡುಗೆಮನೆಯಲ್ಲಿ ಮಾಂಸ ಕುದಿಯುವ ಸದ್ದು ಅತಿಥಿಕೋಣೆಗೂ ಕೇಳಿಸುತ್ತಿತ್ತಂತೆ.

ಮುಕರ್ರಮ್ ಚಹಾದ ಕೆಟಲು ಎತ್ತಿದಳು. ಬೀಗಿತ್ತಿಯ ಬಟ್ಟಲಿಗೆ ಸುರಿದಳು. ಅರ್ಧಕ್ಕೆ ಬಂತು, ನಿಲ್ಲಿಸಲಿಲ್ಲ. ಅಂಚಿಗೆ ಬಂತು. ಹಸಿರು ಚಹಾ ಅಂಚಿನ ಮೇಲೆ ಉಬ್ಬಿ ನಿಂತಿತು. ಆಮೇಲೆ ಮುದುಕಿಯ ಬಟ್ಟಲನ್ನೂ ಹಾಗೇ ತುಂಬಿದಳು. ಎರಡೂ ಕೈಯಲ್ಲಿ, ಒಂದು ಹನಿ ಚೆಲ್ಲದಂತೆ, ಮುಂದಿಟ್ಟಳು.

"ಕುಡೀರಿ," ಎಂದಳು. "ಕೋಕಂದಿನ ದಾರಿ ದೂರ. ಬೇಗ ಕತ್ತಲಾಗುತ್ತೆ."

ಸನೋಬರ್ ಬಟ್ಟಲನ್ನು ನೋಡಿದಳು. "ನೀವು ನನಗೆ ತುಂಬಿದ ಬಟ್ಟಲು ಕೊಡ್ತಿದ್ದೀರಾ?"

"ಹೌದು, ಕೊಡ್ತಿದ್ದೀನಿ."

"ನಾಳೆ ನಿಮ್ಮ ಮಗಳನ್ನ ಯಾರೂ ಕೇಳಲ್ಲ. ಆಗ ನಮ್ಮ ಬಾಗಿಲಿಗೆ ಬರಬೇಡಿ."

"ಬರಲ್ಲ," ಎಂದಳು ಮುಕರ್ರಮ್. "ಅವಳ ವರದಕ್ಷಿಣೆ ಪೆಟ್ಟಿಗೆ, ಹಾಸುಗಳು ನಿಮ್ಮನೇಲಿವೆ. ಅದಕ್ಕೂ ನಾನು ಬರಲ್ಲ. ನನ್ನ ಮಗ ಕಾರು ತಗೊಂಡು ಬರ್ತಾನೆ."

ಅವರು ಹೋದರು. ಚಹಾ ಮುಟ್ಟಲಿಲ್ಲ. ಹಾಶಿಮ್ಜಾನ್ ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಬಂದ, ಅತಿಥಿಯಲ್ಲವೇ. ಕೋರ್ಟಿನ ಓಡಾಟ ಆಮೇಲಿನದು. ಅಪ್ಪನೇ ಮಗಳ ಜೊತೆ ಪ್ರತಿ ಸಲವೂ ಹೋದ. ಏಪ್ರಿಕಾಟ್ ಹೂವಾಗುವ ಹೊತ್ತಿಗೆ ಮದುವೆಯಿಂದ ಬಿಡುಗಡೆಯಾಯಿತು. ಜನ ಮಾತಾಡಿದರು. ಈಗಲೂ ಆಡುತ್ತಾರೆ. ಅತಿಥಿಕೋಣೆಯ ಕದ ಈಗ ಹಗಲೆಲ್ಲ ತೆರೆದೇ ಇರುತ್ತದೆ. ಅತ್ತಿಗೆ ನಾದಿನಿಯರು ಬೇರೆಯವರ ಹೊಲಿಗೆಗೂ ಫೋಟೊ ತೆಗೆದುಕೊಡುತ್ತಾರೆ. ನನ್ನ ಮೊಮ್ಮಗಳು ಹೊಲಿದ ಟೋಪಿಗಳನ್ನೂ ತೆಗೆದಿದ್ದಾರೆ.

ಆದರೆ ಆ ಮಧ್ಯಾಹ್ನ, ಅತಿಥಿಗಳು ಹೋದ ಮೇಲೆ, ಮುಕರ್ರಮ್ ನೇರ ಅಡುಗೆಮನೆಗೆ ಹೋಗಿ ಪರಾತದಲ್ಲಿ ಹಿಟ್ಟು ಸುರಿದುಕೊಂಡು ಕಲಸತೊಡಗಿದಳಂತೆ. ಮನೆಯಲ್ಲಿ ನಾನ್ ಬೇಕಾದಷ್ಟಿತ್ತು. ಹುಮಾಯ್ರಾ ಬಂದು ನೀರು ಹಾಕಿದಳು. ಮುಕರ್ರಮ್ ಮುಷ್ಟಿಯಿಂದ ಗುದ್ದಿ ಗುದ್ದಿ ಹಿಟ್ಟು ಮಗುಚಿದಳು.

"ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ ಅಮ್ಮ."

ಮುಕರ್ರಮ್ ತಲೆಯಾಡಿಸಿದಳು. ಬಹಳ ಹೊತ್ತು ಕಲಸಿದಳು. ಏನು ಕೇಳಬೇಕು, ಎಲ್ಲಿಂದ ಶುರುಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲವೆಂದು ಕಾಣುತ್ತದೆ. ಕೊನೆಗೆ ತಾಯಿಗೆ ಹೊಳೆಯುವಂಥದ್ದನ್ನೇ ಕೇಳಿದಳು.

"ಆ ಮನೇಲಿ ನೀನು ಊಟಕ್ಕೆ ಎಲ್ಲಿ ಕೂರ್ತಿದ್ದೆ?"

ಹುಮಾಯ್ರಾ ಒಲೆಯತ್ತ ನೋಡಿದಳು. "ಕೂರ್ತಿರಲಿಲ್ಲ. ಎಲ್ಲರೂ ಎದ್ದ ಮೇಲೆ ಪಾತ್ರೆ ತೊಳೀತಾ ತೊಳೀತಾ ತಿನ್ತಿದ್ದೆ."

ಮುಕರ್ರಮಳ ಕೈ ನಿಂತಿತು. ಹಿಟ್ಟು ಮೆತ್ತಿದ ಕೈಯಲ್ಲೇ ಮಣೆಯೊಂದನ್ನು ಎಳೆದು ಮಗಳ ಮುಂದೆ ಹಾಕಿದಳು.

"ಕೂತ್ಕೋ," ಎಂದಳು. "ಮೊದಲಿಂದ ಹೇಳು. ಹಿಟ್ಟು ಹುದುಗು ಬರೋಕೆ ಹೊತ್ತಿದೆ."